ಲಾ ಓದಲು ಹೊರಟವರೇ, ಮೊದಲು ಮನೆಯ ಟ್ರಂಕು ತೆರೆಯಿರಿ

ಪಿಯುಸಿ ಮುಗಿಸಿ ಐದು ವರ್ಷದ ಲಾ ಕೋರ್ಸಿಗೆ ಅರ್ಜಿ ಹಾಕಿದವರು, ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದವರು ಈಗ ಬಹುತೇಕ ಊರುಗಳಲ್ಲಿ ಒಬ್ಬಿಬ್ಬರಾದರೂ ಸಿಗುತ್ತಾರೆ. ಸೀಟು ಸಿಕ್ಕಿರುತ್ತದೆ, ತರಗತಿ ಶುರುವಾಗಿರುವುದಿಲ್ಲ. ನಡುವೆ ಎರಡು ತಿಂಗಳೋ, ನಾಲ್ಕು ತಿಂಗಳೋ ಖಾಲಿ ಬೀಳುತ್ತದೆ. ಹೊಲದ ಕೆಲಸ, ಮೊಬೈಲು, ಮದುವೆ ಮನೆ ಎಂದು ಆ ತಿಂಗಳುಗಳು ಕಳೆದುಹೋಗುತ್ತವೆ.

"ಲಾ ಓದೋಕೆ ಮುಂಚೆ ಏನು ಓದಿಕೊಂಡಿರಬೇಕು?" ಎಂದು ಇಂಥವರು ನಮ್ಮನ್ನು ಕೇಳುತ್ತಾರೆ. ನಾವು ಪತ್ರಿಕೋದ್ಯಮ ಓದಿದವರು, ವಕೀಲರಲ್ಲ. ಆದರೆ ವರದಿಗೆಂದು ತಾಲೂಕು ಕೋರ್ಟು, ತಹಸೀಲ್ದಾರ್ ಕಚೇರಿ, ಪೊಲೀಸ್ ಠಾಣೆ ಅಲೆಯುವವರು. ಲಾ ಓದುತ್ತಿರುವ ಗೆಳೆಯರು ನಮ್ಮಲ್ಲಿ ಎಲ್ಲರಿಗೂ ಇದ್ದಾರೆ. ಇಷ್ಟು ದಿನ ನೋಡಿ, ಕೇಳಿ ತಿಳಿದ ಮೇಲೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ತಿಂಗಳುಗಳಲ್ಲಿ ದುಡ್ಡು ಕೊಟ್ಟು ಕೋಚಿಂಗ್ ಸೇರಬೇಕಾಗಿಲ್ಲ, ದಪ್ಪ ದಪ್ಪ ಗೈಡು ಕೊಳ್ಳಬೇಕಾಗಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ, ನಿಮ್ಮ ಪಂಚಾಯಿತಿಯಲ್ಲಿ, ನಿಮ್ಮ ತಾಲೂಕು ಕೋರ್ಟಿನಲ್ಲಿ ಕಾನೂನು ಈಗಾಗಲೇ ಇದೆ. ಅದನ್ನು ಓದಲು ಕಲಿತು ಕಾಲೇಜಿಗೆ ಹೋಗಿ.

ಮೊದಲ ವರ್ಷದ ಮೌನ

ಹಳ್ಳಿಯಿಂದ ಹೋದ ಮಕ್ಕಳಲ್ಲಿ ಹಲವರು ಲಾ ಕಾಲೇಜಿನ ಮೊದಲ ವರ್ಷ ಬಾಯಿ ಬಿಡುವುದೇ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ಅರ್ಧ ಅರ್ಥವಾಗುತ್ತದೆ, ಇನ್ನರ್ಧ ಕೇಳಲು ಸಂಕೋಚ. ಪಕ್ಕದಲ್ಲಿ ಕೂತವನ ಅಪ್ಪ ವಕೀಲ, ಚಿಕ್ಕಪ್ಪ ಜಡ್ಜು. ಅವನಿಗೆ ಗೊತ್ತಿರುವುದು ನಮಗೆ ಯಾವಾಗ ಗೊತ್ತಾಗುವುದು ಎಂಬ ಅಂಜಿಕೆ ಶುರುವಾಗುತ್ತದೆ. ಕೆಲವರು ಎರಡನೇ ಸೆಮಿಸ್ಟರಿಗೆ ಬಿಟ್ಟು ಬರುತ್ತಾರೆ. ಕೆಲವರು ಹೆಸರಿಗೆ ಮುಗಿಸಿ ಕರಿಕೋಟು ಹಾಕದೆ ಬೇರೆ ಕೆಲಸ ಹುಡುಕುತ್ತಾರೆ.

ಇದು ಬುದ್ಧಿಯ ಕೊರತೆಯಲ್ಲ. ಪಟ್ಟಣದ ವಕೀಲರ ಮನೆಯ ಹುಡುಗನಿಗೆ ಕೋರ್ಟಿನ ಮಾತು ಊಟದ ಹೊತ್ತಿನಲ್ಲೇ ಕಿವಿಗೆ ಬಿದ್ದಿರುತ್ತದೆ. ಹಳ್ಳಿಯ ಹುಡುಗಿಗೂ ಕಾನೂನು ಕಿವಿಗೆ ಬಿದ್ದಿರುತ್ತದೆ. ಆದರೆ ಅದು ಕಾನೂನು ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಬದುವಿನ ಜಗಳ, ಪಾಲಿನ ತಕರಾರು, ಚೆಕ್ ಬೌನ್ಸು, ಬೆಳೆ ಸಾಲ, ಜಾತಿ ಸರ್ಟಿಫಿಕೇಟು, ದಾರಿ ಬಿಡದ ನೆರೆಯವನು, ಇವೆಲ್ಲ ಕಾನೂನೇ. ಪುಸ್ತಕದಲ್ಲಿ ಇವಕ್ಕೆ ಬೇರೆ ಹೆಸರು, ಅಷ್ಟೇ.

ಟ್ರಂಕಿನಲ್ಲಿ ಏನಿದೆ?

ಅಪ್ಪನನ್ನೋ ಅಜ್ಜಿಯನ್ನೋ ಕೇಳಿ ಮನೆಯ ಕಾಗದಪತ್ರಗಳನ್ನು ಒಂದು ಮಧ್ಯಾಹ್ನ ಹೊರಗೆ ತೆಗೆಯಿರಿ. ಪಹಣಿ (ನಮ್ಮ ಉತ್ತರದ ಕಡೆ ಉತಾರ ಅನ್ನುತ್ತಾರೆ), ಮ್ಯುಟೇಶನ್ ಪ್ರತಿ, ಕ್ರಯಪತ್ರ, ವಿಭಾಗ ಪತ್ರ, ಹಕ್ಕು ಖುಲಾಸೆ ಪತ್ರ, ಬ್ಯಾಂಕಿನ ಸಾಲದ ಕಾಗದ, ಹಳೆಯ ಕೋರ್ಟಿನ ನೋಟಿಸು, ಹಕ್ಕುಪತ್ರ. ಒಂದೊಂದನ್ನೂ ಕೈಯಲ್ಲಿ ಹಿಡಿದು ನಾಲ್ಕು ಪ್ರಶ್ನೆ ಕೇಳಿ: ಇದನ್ನು ಕೊಟ್ಟವರು ಯಾರು? ಯಾರಿಗೆ ಕೊಟ್ಟರು? ಯಾವ ಕಾಯ್ದೆಯ ಕೆಳಗೆ ಕೊಟ್ಟರು? ಇದರಿಂದ ಯಾರಿಗೆ ಏನು ಹಕ್ಕು ಬಂತು, ಯಾರ ಹಕ್ಕು ಹೋಯಿತು?

ಪಹಣಿಯನ್ನೇ ತೆಗೆದುಕೊಳ್ಳಿ. 9ನೇ ಕಲಮಿನಲ್ಲಿ ಸ್ವಾಧೀನದಾರರ ಹೆಸರು, 11ನೇ ಕಲಮಿನಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ನೇ ಕಲಮಿನಲ್ಲಿ ಸಾಗುವಳಿ ಮತ್ತು ಬೆಳೆ. ಬ್ಯಾಂಕಿನ ಸಾಲ ತೀರಿಸಿ ವರ್ಷಗಳಾದರೂ 11ನೇ ಕಲಮಿನಲ್ಲಿ ಅದು ಹಾಗೇ ಉಳಿದಿರುವ ಪಹಣಿಗಳನ್ನು ನಾವು ನೋಡಿದ್ದೇವೆ. ನಿಮ್ಮ ಮನೆಯದು ಹೇಗಿದೆ, ನೋಡಿ. ಇದೆಲ್ಲ ನಡೆಯುವುದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಕೆಳಗೆ. ಅದರ 133ನೇ ಪ್ರಕರಣ, ಹಕ್ಕು ದಾಖಲೆಯಲ್ಲಿ ಇರುವ ನಮೂದನ್ನು ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಭಾವಿಸಬೇಕು ಅನ್ನುತ್ತದೆ. ಆದರೆ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದೂ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗಾದರೆ ದಾಖಲೆ ಬೇರೆ, ಹಕ್ಕು ಬೇರೆ. ಈ ಒಂದು ವ್ಯತ್ಯಾಸ ತಲೆಗೆ ಹತ್ತಿದರೆ ಲಾ ಕಾಲೇಜಿನ ಎಷ್ಟೋ ಪಾಠ ಸಲೀಸಾಗುತ್ತದೆ.

ಕೆಲವರ ಟ್ರಂಕಿನಲ್ಲಿ ಹಳದಿ ತಿರುಗಿದ ಇನ್ನೊಂದು ಕಾಗದ ಸಿಗಬಹುದು, ಫಾರಂ ನಂಬರ್ 7 ಅಥವಾ ಫಾರಂ ನಂಬರ್ 10. ದೇವರಾಜ ಅರಸು ಕಾಲದ ಭೂ ಸುಧಾರಣೆಯ ಗುರುತು ಅದು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂತು. ಉಳುತ್ತಿದ್ದ ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿ ಒಪ್ಪಿದವರಿಗೆ ಫಾರಂ 10ರಲ್ಲಿ ಅಧಿಭೋಗದ ಪ್ರಮಾಣಪತ್ರ ಸಿಕ್ಕಿತು. ಶುರುವಿನ ವರ್ಷಗಳಲ್ಲಿ ಆ ಮಂಡಳಿಗಳ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ನಿಮ್ಮ ಅಜ್ಜನೇ ನಿಂತು ತನ್ನ ಮಾತು ತಾನೇ ಹೇಳಿರಬಹುದು. ಆ ಅಜ್ಜ ಇದ್ದರೆ ಹೋಗಿ ಕೇಳಿ. ಯಾವ ಪ್ರಶ್ನೆ ಕೇಳಿದರು, ಯಾರು ಸಾಕ್ಷಿ ಹೇಳಿದರು, ಎಷ್ಟು ಸಲ ಓಡಾಡಿಸಿದರು ಎಂದು ಬರೆದುಕೊಳ್ಳಿ. ವಿಚಾರಣೆ ಎಂದರೇನು, ಪುರಾವೆ ಎಂದರೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಸಿಗುವುದು ಕಷ್ಟ.

ದಲಿತ ಕುಟುಂಬದ ಮಕ್ಕಳು ಮಂಜೂರಾದ ಜಮೀನಿನ ಕಾಗದವನ್ನು ಹುಡುಕಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆಯಾಗುವುದನ್ನು ತಡೆಯಲು 1978ರಲ್ಲೇ ಕರ್ನಾಟಕದಲ್ಲಿ ಕಾಯ್ದೆ ಬಂದಿದೆ. ಊರಿನಲ್ಲಿ ಅದನ್ನು ಪಿಟಿಸಿಎಲ್ ಅನ್ನುತ್ತಾರೆ. ಮಾತಿನಲ್ಲಿ ಕೇಳಿದವರು ಬಹಳ, ಕಾಯ್ದೆ ಓದಿದವರು ಕಡಿಮೆ. ನೀವು ಓದಿ. ಚಿಕ್ಕ ಕಾಯ್ದೆ.

ಕೇಣಿ, ಕೃಷಿ ಹೊಂಡ, ಅತ್ತೆಯ ಹೆಬ್ಬೆಟ್ಟು

ಎಲ್‌ಎಲ್‌ಬಿಯ ಆರಂಭದಲ್ಲಿ ಸಾಮಾನ್ಯವಾಗಿ ಎದುರಾಗುವ ವಿಷಯಗಳು ಕರಾರು ಕಾನೂನು, ಟಾರ್ಟ್, ಕೌಟುಂಬಿಕ ಕಾನೂನು, ಸಂವಿಧಾನ, ಅಪರಾಧ ಕಾನೂನು. ಐದು ವರ್ಷದ ಕೋರ್ಸಿನವರಿಗೆ ಇವುಗಳ ಜೊತೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಇಂಗ್ಲಿಷ್ ಇಂಥವೂ ಇರುತ್ತವೆ. ಹೆಸರು ಕೇಳಿ ಹೆದರಬೇಡಿ.

ಅಡಿಕೆ ಸೀಮೆಯವರಿಗೆ ಕೇಣಿ ಗೊತ್ತು. ಮರದಲ್ಲಿರುವ ಫಸಲನ್ನು ಮುಂಚೆಯೇ ಮಾತಾಡಿ ಕೇಣಿದಾರನಿಗೆ ಕೊಡುವುದು. ಕೆಲವೊಮ್ಮೆ ಬರೀ ಬಾಯಿಮಾತು, ಒಂದಿಷ್ಟು ಮುಂಗಡ. ರೇಟು ಬಿದ್ದರೆ ಕೇಣಿದಾರ ಕಾಣೆ, ಏರಿದರೆ ತೋಟದವನ ಮನಸ್ಸು ಬದಲು. ಇಲ್ಲಿ ಕರಾರು ಆಯಿತೇ? ಮುರಿದವರು ಯಾರು? ನಷ್ಟ ಎಷ್ಟು? 1872ರ ಭಾರತೀಯ ಕರಾರು ಕಾಯ್ದೆ ಕೇಳುವುದು ಇದನ್ನೇ. ಅದರ 10ನೇ ಪ್ರಕರಣ ಓದಿ, ನಿಮ್ಮೂರಿನ ಒಂದು ಕೇಣಿ ವ್ಯವಹಾರಕ್ಕೆ ಹೊಂದಿಸಿ ನೋಡಿ. ಮಾತಾಡಿದವನಿಗೆ 18 ತುಂಬಿಲ್ಲದಿದ್ದರೆ? 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ಅಪ್ರಾಪ್ತ ವಯಸ್ಕನ ಕರಾರು ಅನೂರ್ಜಿತ ಎಂದಿತು. ಇದನ್ನು ನೀವು ಕಾಲೇಜಿನಲ್ಲಿ ಖಂಡಿತ ಓದುತ್ತೀರಿ. ಕೇಣಿ ನೆನಪಿದ್ದರೆ ಬೀಬಿಯೂ ನೆನಪಿರುತ್ತಾಳೆ.

ಟಾರ್ಟ್ ಎಂದರೆ ಒಬ್ಬರಿಂದ ಇನ್ನೊಬ್ಬರಿಗೆ ಆದ ಹಾನಿಗೆ ಪರಿಹಾರ ಕೊಡಿಸುವ ಕಾನೂನು. ಇದರಲ್ಲಿ ಇಂಗ್ಲೆಂಡಿನ ಹಳೆಯ ಪ್ರಕರಣಗಳು ಬರುತ್ತವೆ. 1868ರ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣದ ಕಥೆ ಇಷ್ಟೇ: ಒಬ್ಬ ಗಿರಣಿ ಮಾಲೀಕ ತನ್ನ ಜಾಗದಲ್ಲಿ ನೀರು ತುಂಬಲು ಹೊಂಡ ಕಟ್ಟಿಸಿದ, ನೀರು ನುಗ್ಗಿ ನೆರೆಯವನ ಕಲ್ಲಿದ್ದಲು ಗಣಿ ಮುಳುಗಿತು. ನಮ್ಮೂರಿನ ಕೃಷಿ ಹೊಂಡ ಒಡೆದು ಕೆಳಗಿನ ಹೊಲದ ಈರುಳ್ಳಿ ಕೊಚ್ಚಿಹೋದರೆ ಏಳುವ ಪ್ರಶ್ನೆಯೂ ಅದೇ. ಅಪಾಯಕಾರಿ ವಸ್ತುವನ್ನು ತಂದು ಕೂಡಿಟ್ಟವನು ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ ಹೊಣೆ ಎಂಬುದು ಅಲ್ಲಿ ಬಂದ ತತ್ವ. ದೆಹಲಿಯ ಕಾರ್ಖಾನೆಯಿಂದ ಅನಿಲ ಸೋರಿದ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾದ ತತ್ವ ತಂದಿತು. ಹೊಂಡದಿಂದ ಶುರು ಮಾಡಿದರೆ ಅಲ್ಲಿಯವರೆಗೂ ನಡೆದು ಹೋಗಬಹುದು.

ಇನ್ನು ಕೌಟುಂಬಿಕ ಕಾನೂನು. ಟ್ರಂಕಿನಲ್ಲಿ ಹಕ್ಕು ಖುಲಾಸೆ ಪತ್ರ ಇದ್ದರೆ ಅದರ ಕೊನೆಯ ಪುಟ ನೋಡಿ. ಅಲ್ಲಿ ನಿಮ್ಮ ಸೋದರತ್ತೆಯ ಸಹಿಯೋ ಹೆಬ್ಬೆಟ್ಟೋ ಇರುವ ಸಾಧ್ಯತೆ ಹೆಚ್ಚು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಎಂದು ಕರ್ನಾಟಕ ಕೇಂದ್ರಕ್ಕಿಂತ ಮೊದಲೇ, 1994ರ ಜುಲೈ 30ರಿಂದ ಜಾರಿಗೆ ತಂದಿತ್ತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ತಡೆ ಹೋಯಿತು. ಅಪ್ಪ ಆ ದಿನ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಮುಗಿದ ವಿಭಾಗಗಳನ್ನು ಮತ್ತೆ ಕೆದಕುವಂತಿಲ್ಲ ಎಂಬುದೂ ಕಾನೂನಿನಲ್ಲೇ ಇದೆ. ಈ ತಾರೀಕುಗಳನ್ನು ಒಂದು ಹಾಳೆಯಲ್ಲಿ ಬರೆದು, ಅತ್ತೆ ಮದುವೆಯಾದ ವರ್ಷ, ಖುಲಾಸೆ ಪತ್ರ ಬರೆದ ವರ್ಷ ಪಕ್ಕದಲ್ಲಿಟ್ಟು ನೋಡಿ. ಮನೆಯಲ್ಲಿ ಜಗಳ ಹಚ್ಚಲು ನಾವು ಹೇಳುತ್ತಿಲ್ಲ. ಒಂದು ತಾರೀಕು ಒಬ್ಬ ಹೆಣ್ಣುಮಗಳ ಬದುಕನ್ನು ಎಷ್ಟು ಬದಲಿಸುತ್ತದೆ ಎಂಬುದು ಲಾ ಓದುವವರಿಗೆ ಮೊದಲೇ ಗೊತ್ತಿರಲಿ ಎಂದು ಹೇಳುತ್ತಿದ್ದೇವೆ.

ಇಂಗ್ಲಿಷ್ ಎಂಬ ಗುಮ್ಮ

"ಇದೆಲ್ಲ ಸರಿ, ಇಂಗ್ಲಿಷ್ ಬರದಿದ್ದರೆ ಏನು ಪ್ರಯೋಜನ?" ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಸತ್ಯ ಇದೆ. ಸುಪ್ರೀಂ ಕೋರ್ಟು, ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ಧಾರವಾಡ, ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಬಂದು ಊರಿಗೆ ಹತ್ತಿರವಾಯಿತು, ಭಾಷೆ ಹತ್ತಿರವಾಗಲಿಲ್ಲ. ಪಠ್ಯಪುಸ್ತಕಗಳಲ್ಲಿ ಒಳ್ಳೆಯವು ಹೆಚ್ಚಿನವು ಇಂಗ್ಲಿಷಿನವೇ. ಹಾಗಾಗಿ ಇಂಗ್ಲಿಷ್ ಬೇಡ ಎಂದು ನಾವು ಹೇಳುವುದಿಲ್ಲ.

ಆದರೆ ಎರಡು ತಿಂಗಳಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುತ್ತೇವೆ ಎನ್ನುವವರ ಹತ್ತಿರ ಸಾವಿರಗಟ್ಟಲೆ ಸುರಿಯುವುದು ಬೇಡ. ಕಾನೂನಿನ ಇಂಗ್ಲಿಷ್ ಬೇರೆ. ಅದು ಕೆಲವೇ ಪದಗಳ ಮೇಲೆ ನಿಂತಿದೆ. ಕಾಯ್ದೆಯಲ್ಲಿ 'ಶಲ್' ಎಂದಿದ್ದರೆ ಸಾಮಾನ್ಯವಾಗಿ ಮಾಡಲೇಬೇಕು, ಕನ್ನಡದ ಕಾಯ್ದೆಯಲ್ಲಿ ಅದು 'ಮಾಡತಕ್ಕದ್ದು'. 'ಮೇ' ಎಂದಿದ್ದರೆ 'ಮಾಡಬಹುದು'. 'ಪ್ರೊವೈಡೆಡ್ ದಟ್' ಎಂದರೆ 'ಪರಂತು', ಅಲ್ಲಿಂದ ವಿನಾಯಿತಿ ಶುರು. 'ಸಬ್ಜೆಕ್ಟ್ ಟು' ಎಂದರೆ 'ಒಳಪಟ್ಟು', ಅಂದರೆ ಇನ್ನೊಂದು ಪ್ರಕರಣ ಇದರ ಮೇಲಿದೆ. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂದರೆ 'ಬೇರೆ ಕಡೆ ಏನೇ ಹೇಳಿದ್ದರೂ', ಅಂದರೆ ಇದೇ ಎಲ್ಲಕ್ಕೂ ಮೇಲೆ. ಈ ಐದು ಪದ ಹಿಡಿತಕ್ಕೆ ಬಂದರೆ ಯಾವ ಕಾಯ್ದೆಯನ್ನಾದರೂ ನಿಧಾನವಾಗಿ ಬಿಡಿಸಬಹುದು.

ನಮ್ಮ ಸಲಹೆ ಇದು. ಭಾರತದ ಸಂವಿಧಾನ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ದಿನಕ್ಕೆ ಒಂದು ವಿಧಿ ಓದಿ. 14, 15, 17, 19, 21, 32, 39ಎ, 226, ಪಂಚಾಯಿತಿಗಳಿಗೆ ಸಂಬಂಧಿಸಿದ 243ರಿಂದ ಶುರುವಾಗುವ ಭಾಗ. ಮೊದಲು ಕನ್ನಡ, ಆಮೇಲೆ ಇಂಗ್ಲಿಷ್, ಆಮೇಲೆ ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಎರಡು ಸಾಲು. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಎಂಬ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದವೂ ಅದರ ಜಾಲತಾಣದಲ್ಲಿದೆ.

ಇನ್ನೊಂದು ಮಾತು. ವಕೀಲ, ಅರ್ಜಿ, ಜಾಮೀನು, ತಕರಾರು, ಫಿರ್ಯಾದು, ದಾವಾ, ಇವು ಯಾವುವೂ ಮೂಲದಲ್ಲಿ ಕನ್ನಡ ಪದಗಳಲ್ಲ. ಪಾರ್ಸಿ, ಅರಬ್ಬಿಯಿಂದ ಬಂದವು. ಇವತ್ತು ನಮ್ಮ ಅಜ್ಜಿಯೂ ಆಡುತ್ತಾಳೆ. "ಅವನು ಸ್ಟೇ ತಂದವನೆ" ಎಂದು ಓದು ಬರದವರೂ ಹೇಳುತ್ತಾರೆ. ಬಳಸಿದವರ ಬಾಯಲ್ಲಿ ಪದ ನಮ್ಮದಾಗುತ್ತದೆ. ಕಾನೂನಿನ ಇಂಗ್ಲಿಷ್ ಪದಗಳೂ ಹಾಗೆಯೇ ಆಗುತ್ತವೆ, ಹೆದರದೆ ಬಳಸಿದರೆ.

ಹಳೇ ಪುಸ್ತಕ ಕೊಳ್ಳುವಾಗ ಎಚ್ಚರ

ಸೀನಿಯರುಗಳ ಹಳೇ ಪುಸ್ತಕ ಕಡಿಮೆ ಬೆಲೆಗೆ ಸಿಗುತ್ತವೆ. ಕರಾರು, ಸಂವಿಧಾನ ಇಂಥ ವಿಷಯಕ್ಕೆ ತೊಂದರೆಯಿಲ್ಲ. ಅಪರಾಧ ಕಾನೂನಿಗೆ ಮಾತ್ರ ಮುದ್ರಣದ ವರ್ಷ ನೋಡಿ. 2024ರ ಜುಲೈ 1ರಿಂದ ಮೂರು ಹೊಸ ಕಾಯ್ದೆ ಬಂದಿವೆ. ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ. ಐಪಿಸಿಯಲ್ಲಿ 511 ಪ್ರಕರಣ ಇದ್ದವು, ನ್ಯಾಯ ಸಂಹಿತೆಯಲ್ಲಿ 358. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103. ಊರಿನಲ್ಲಿ ಮೋಸಗಾರನನ್ನು "ಫೋರ್ ಟ್ವೆಂಟಿ" ಅನ್ನುತ್ತೇವಲ್ಲ, ಆ 420 ಈಗ 318ರೊಳಗೆ ಸೇರಿದೆ. ನಿಷೇಧಾಜ್ಞೆಯ 144 ಈಗ 163.

ಹಾಗೆಂದು ಹಳೆಯದನ್ನು ಪೂರ್ತಿ ಬಿಡುವಂತಿಲ್ಲ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ. ಅಂಥ ಕೇಸುಗಳು ಕೋರ್ಟಿನಲ್ಲಿ ಇನ್ನೂ ವರ್ಷಗಟ್ಟಲೆ ಇರುತ್ತವೆ.

ಒಂದು ದಿನ ಕೋರ್ಟಿನಲ್ಲಿ ಕೂತು ಬನ್ನಿ

ಕೋರ್ಟಿಗೆ ಹೋಗುವುದೆಂದರೆ ಊರಿನಲ್ಲಿ ಅವಮಾನ ಎಂದು ಬೆಳೆದವರು ನಾವು. ಆದರೆ ಕೋರ್ಟು ಸಾಮಾನ್ಯವಾಗಿ ಎಲ್ಲರಿಗೂ ತೆರೆದ ಜಾಗ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಅತ್ಯಾಚಾರ ಇಂಥ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಉಳಿದ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಬಹುದು. ಮೊಬೈಲ್ ಆಫ್ ಮಾಡಿ, ಶುಭ್ರ ಬಟ್ಟೆ ಹಾಕಿಕೊಂಡು ಹೋಗಿ. ಯಾರಾದರೂ ಕೇಳಿದರೆ ಲಾ ಸೇರಿದ್ದೇನೆ, ನೋಡಲು ಬಂದಿದ್ದೇನೆ ಎನ್ನಿ.

ಸಿನಿಮಾದ ಕೋರ್ಟು ಅಲ್ಲಿ ಕಾಣುವುದಿಲ್ಲ. ಯಾರೂ ಕಿರುಚುವುದಿಲ್ಲ. ಹೆಸರು ಕೂಗುತ್ತಾರೆ, ವಾಯಿದೆ ಬೀಳುತ್ತದೆ, ಮುಂದಿನ ಹೆಸರು ಕೂಗುತ್ತಾರೆ. ಬೆಳಿಗ್ಗೆಯ ಮೊದಲ ಬಸ್ಸಿಗೆ ಬಂದ ಮುದುಕಿ ಎರಡು ನಿಮಿಷದಲ್ಲಿ ಇನ್ನೊಂದು ತಾರೀಕು ತೆಗೆದುಕೊಂಡು ಹೋಗುವುದನ್ನು ನೋಡುತ್ತೀರಿ. ಅವಳಿಗೆ ಅಲ್ಲಿ ಏನಾಯಿತು ಎಂದು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದರೇ? ಅದನ್ನು ಗಮನಿಸಿ. ನೀವು ಮುಂದೆ ಎಂಥ ವಕೀಲರಾಗಬೇಕು ಎಂಬುದು ಅಲ್ಲೇ ತೀರ್ಮಾನವಾಗಬಹುದು.

ತಾಲೂಕು ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಪ್ರಕರಣದ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ಲೋಕ ಅದಾಲತ್ ದಿನ ಹೋಗಿ ನೋಡಿ, ಪ್ಯಾರಾ ಲೀಗಲ್ ವಾಲಂಟಿಯರ್‌ಗಳನ್ನು ಮಾತಾಡಿಸಿ.

ಕೋರ್ಟು ದೂರ ಇದ್ದವರಿಗೆ ಫೋನಿದೆ. ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರ ಬರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಎನ್‌ಆರ್ ನಂಬರ್ ಹಾಕಿದರೆ ಕೇಸು ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಯಾವಾಗ ಎಂದು ಕಾಣುತ್ತದೆ. ಊರಿನ ನಾಲ್ಕು ಜನರಿಗೆ ಇದನ್ನು ನೋಡಿಕೊಟ್ಟರೆ ಅವರಿಗೂ ಉಪಕಾರ, ನಿಮಗೂ ಪಾಠ.

ಅಲ್ಲಿಗೆ ನಿಲ್ಲಿಸಿ. ಸೀಟು ಸಿಕ್ಕ ದಿನದಿಂದಲೇ ಊರವರು "ಲಾಯರ್ ಸಾಹೇಬ್ರೇ" ಎಂದು ಕರೆಯುತ್ತಾರೆ, ಸಲಹೆ ಕೇಳುತ್ತಾರೆ. ಕೇಳಿಸಿಕೊಳ್ಳಿ, ಸಲಹೆ ಕೊಡಬೇಡಿ. ವಕೀಲಿ ವೃತ್ತಿ ನಡೆಸುವ ಹಕ್ಕು ಸನ್ನದು ಪಡೆದವರಿಗೆ ಮಾತ್ರ. ನಿಮ್ಮ ಅರೆಬರೆ ಮಾತಿನಿಂದ ಯಾರದೋ ವಾಯಿದೆ ಮೀರಿದರೆ ಜಮೀನೇ ಹೋದೀತು. ಸೇವಾ ಸಮಿತಿಯ ದಾರಿ ತೋರಿಸಿ, ಸಾಕು.

ಕಾಗದ ಮತ್ತು ಕಾಸು

ಸೇರುವ ಮುಂಚೆ ಕಾಲೇಜಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ನಮ್ಮ ರಾಜ್ಯದ ಹೆಚ್ಚಿನ ಲಾ ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿವೆ. ಬಾರ್ ಕೌನ್ಸಿಲಿನ 2008ರ ನಿಯಮದಂತೆ ಪಿಯುಸಿ ಅಥವಾ ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಹಾಗೆಯೇ ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿ ಕೇಳುತ್ತದೆ ಆ ನಿಯಮ. "ದುಡ್ಡು ಕಟ್ಟಿ, ಪರೀಕ್ಷೆಗೆ ಬಂದರೆ ಸಾಕು" ಎನ್ನುವವರ ಮಾತು ಕೇಳಬೇಡಿ.

ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶ ನಿಮ್ಮ ಕೋರ್ಸಿಗೆ, ಯಾವ ಯಾವ ವಿಷಯಕ್ಕೆ ಇದೆ ಎಂದು ದಾಖಲಾಗುವ ದಿನವೇ ಕಾಲೇಜಿನಲ್ಲಿ ಕೇಳಿ ಬರೆದುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ, ಮೆಟ್ರಿಕ್ ನಂತರದ ಹಾಸ್ಟೆಲು, ವಿದ್ಯಾಸಿರಿ ಅರ್ಜಿಗಳ ಕೊನೆಯ ತಾರೀಕು ತಿಳಿದಿರಲಿ. ಕೊನೆಯ ವಾರದ ಸರ್ವರ್ ಬ್ಯುಸಿಯಲ್ಲಿ ಕಳೆದುಕೊಂಡವರು ಬಹಳ ಜನ.

"ಮುಗಿಸಿದ ಮೇಲೆ ಸನ್ನದು ಪಡೆಯೋಕೇ ಸಾವಿರಾರು ರೂಪಾಯಿ ಬೇಕಂತೆ" ಎಂದು ಹಿಂದೆ ಸರಿಯುವ ಮನೆಗಳಿಗೂ ಒಂದು ಸುದ್ದಿ ಇದೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿತು, ರಾಜ್ಯ ಬಾರ್ ಕೌನ್ಸಿಲುಗಳು ನೋಂದಣಿಗೆ ಕಾಯ್ದೆಯಲ್ಲಿ ಇರುವುದಕ್ಕಿಂತ ಹೆಚ್ಚು ಶುಲ್ಕ ತೆಗೆದುಕೊಳ್ಳುವಂತಿಲ್ಲ. ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಕ್ಕೆ 125 ರೂಪಾಯಿ. ಹೆಚ್ಚು ಕೇಳಿದರೆ ಈ ತೀರ್ಪು ನೆನಪಿರಲಿ.

ಮನೆಯವರಿಗೂ, ವಕೀಲರಿಗೂ ಒಂದು ಮಾತು

ಈ ತಿಂಗಳುಗಳು ಬಿತ್ತನೆಯ ಹೊತ್ತು ಎಂದು ನಮಗೆ ಗೊತ್ತು. ಮಗ ಹೊಲಕ್ಕೆ ಬೇಕು, ಮಗಳು ಅಡುಗೆ ಮನೆಗೆ, ದನಕ್ಕೆ, ತಮ್ಮನ ಟಿಫನ್ನಿಗೆ ಬೇಕು. ಇಡೀ ದಿನ ಓದಲು ಬಿಡಿ ಎಂದು ಕೇಳುತ್ತಿಲ್ಲ. ದಿನಕ್ಕೆ ಒಂದು ತಾಸು ಅವರದೇ ಆಗಿರಲಿ. ಮಗನಿಗೆ ಆ ತಾಸು ತಾನಾಗಿ ಸಿಗುತ್ತದೆ, ಮಗಳಿಗೆ ಕೇಳಿದರೂ ಸಿಗುವುದಿಲ್ಲ, ಇದನ್ನು ನಾವು ಮನೆಮನೆಯಲ್ಲೂ ನೋಡುತ್ತಿದ್ದೇವೆ. ಟ್ರಂಕಿನ ಕಾಗದ ತೋರಿಸುವಾಗಲೂ ಹಾಗೆಯೇ. "ಹೆಣ್ಣುಮಗುಗೆ ಆಸ್ತಿ ಕಾಗದ ಯಾಕೆ?" ಎಂಬ ಮಾತು ಬರುತ್ತದೆ. ನಾಳೆ ಬೇರೆಯವರ ಆಸ್ತಿ ಕಾಗದ ಓದಿ ನ್ಯಾಯ ಕೊಡಿಸಬೇಕಾದವಳಿಗೆ ತನ್ನ ಮನೆಯ ಕಾಗದ ಮುಚ್ಚಿಡುವುದು ಸರಿಯೇ?

ತಾಲೂಕಿನ ವಕೀಲರ ಸಂಘಗಳನ್ನೂ ಕೇಳುತ್ತೇವೆ. ವರ್ಷಕ್ಕೆ ಒಂದು ಶನಿವಾರ ಲಾ ಸೇರಿದ ಹಳ್ಳಿ ಮಕ್ಕಳನ್ನು ಕರೆದು ಕೂರಿಸಿ, ವಕಾಲತ್ತು ಹೇಗಿರುತ್ತದೆ, ದಾವಾ ಹೇಗೆ ಬರೆಯುತ್ತಾರೆ ಎಂದು ತೋರಿಸಿದರೆ ಖರ್ಚೇನೂ ಇಲ್ಲ. ಕಾಲೇಜುಗಳು ಸೀಟು ಕೊಟ್ಟ ದಿನವೇ ಎರಡು ಭಾಷೆಯ ಪದಪಟ್ಟಿಯೊಂದನ್ನು ಕೈಗೆ ಕೊಡಲಿ, ಮೊದಲ ಎರಡು ವಾರ ಕನ್ನಡದಲ್ಲೂ ಬಿಡಿಸಿ ಹೇಳಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕದಲ್ಲಿ ಕನ್ನಡ ಸಂವಿಧಾನ, ಭೂ ಕಂದಾಯ ಕಾಯ್ದೆ, ಪಂಚಾಯತ್ ರಾಜ್ ಕಾಯ್ದೆ ಒಂದೊಂದು ಪ್ರತಿ ಇರಲಿ. ಇವು ದೊಡ್ಡ ಬೇಡಿಕೆಗಳಲ್ಲ.

ಹಳ್ಳಿಗೆ ವಕೀಲರು ಬೇಕು. ಪಹಣಿ ಓದಲು ಬರುವ, ಕೇಣಿ ಎಂದರೆ ಏನೆಂದು ಕೇಳಬೇಕಾಗಿಲ್ಲದ, ವಾಯಿದೆ ಬಿದ್ದ ಮುದುಕಿಗೆ ಯಾಕೆ ಬಿತ್ತು ಎಂದು ಅವಳ ಮಾತಿನಲ್ಲೇ ಹೇಳುವ ವಕೀಲರು. ಅಂಥವರು ನಮ್ಮ ಮನೆಗಳಿಂದಲೇ ಬರಬೇಕು.

ನಿಮ್ಮೂರಿನಲ್ಲಿ ಈ ವರ್ಷ ಲಾ ಸೇರಿದವರು ಇದ್ದರೆ ಇದನ್ನು ಅವರಿಗೆ ಕಳಿಸಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಕನ್ನಡ ಸಂವಿಧಾನದ ಒಂದು ಪ್ರತಿ, ದಿನಕ್ಕೆ ಒಂದು ತಾಸು. ಇವತ್ತು ಸಂಜೆಯಿಂದಲೇ ಶುರು ಮಾಡಲಿ.